ಸೊನ್ನೆಯ ಮೇಲೆ ಸೊನ್ನೆ ಕೂತಾಗ

ಸಂಜೆ ನಮ್ಮನೆ ಪಡಸಾಲೆಗೆ ಲೆಕ್ಕ ಕಲಿಯಲು ಬರುವ ಪಿಯುಸಿ ಮಕ್ಕಳು ಲಿಮಿಟ್ (ಎಕ್ಸ್ ಒಂದು ಸಂಖ್ಯೆಯ ಹತ್ತಿರ ಹೋದಂತೆ ಇಡೀ ಲೆಕ್ಕದ ಬೆಲೆ ಯಾವುದರ ಹತ್ತಿರ ಹೋಗುತ್ತೆ ಅನ್ನೋದು) ಕಂಡಕೂಡಲೇ ಅಪವರ್ತನಕ್ಕೆ, ಅಂದರೆ ಗುಣಾಕಾರವಾಗಿ ಬಿಡಿಸುವುದಕ್ಕೆ, ಕೈಹಾಕುತ್ತಾರೆ. ತಡೀರಿ, ಮೊದಲು ಬೆಲೆ ಹಾಕಿ ನೋಡಿ ಅಂತೀನಿ. ಎಕ್ಸ್ → 2 ಇದ್ದು (ಎಕ್ಸ್ + 1) / (ಎಕ್ಸ್ + 3) ಕೇಳಿದ್ದರೆ 3/5 ಬಂತು, ಮುಗೀತು. ಛೇದ ಮಾತ್ರ ಸೊನ್ನೆಯಾಗಿ ಅಂಶದಲ್ಲಿ ಬೇರೆ ಸಂಖ್ಯೆ ಉಳಿದರೆ ಯಾವ ಸಂಖ್ಯೆಯೂ ಉತ್ತರವಾಗದು, ಅಪವರ್ತಿಸಿ ಪ್ರಯೋಜನವಿಲ್ಲ. ಎರಡೂ ಸೊನ್ನೆಯಾದರೆ ಮಾತ್ರ ಕೆಲಸ ಶುರು.

(ಎಕ್ಸ್² − 5ಎಕ್ಸ್ + 6) / (ಎಕ್ಸ್² − 4), ಎಕ್ಸ್ → 2.

2 ಹಾಕಿದರೆ ಮೇಲೂ 0, ಕೆಳಗೂ 0. ಅಂದರೆ ಎರಡೂ ಕಡೆ (ಎಕ್ಸ್ − 2) ಅಡಗಿದೆ. ಏನನ್ನು ಹೊರಗೆಳೆಯಬೇಕು ಅಂತ ತಡಕಾಡಬೇಕಿಲ್ಲ. ಮೇಲೆ (ಎಕ್ಸ್ − 2)(ಎಕ್ಸ್ − 3), ಕೆಳಗೆ (ಎಕ್ಸ್ − 2)(ಎಕ್ಸ್ + 2). (ಎಕ್ಸ್ − 2) ಹೊಡೆದುಹಾಕಿ, 2 ಹಾಕಿ: −1/4.

"ಮೇಡಂ, ಅದು ಸೊನ್ನೆ ಅಲ್ವಾ, ಹೆಂಗೆ ಹೊಡೀತೀರಾ?" ಅಂತ ಪ್ರತಿವರ್ಷ ಒಬ್ಬರಾದರೂ ಕೇಳುತ್ತಾರೆ. ಕೇಳದ ವರ್ಷ ನನಗೇ ಬೇಜಾರು. ಎಕ್ಸ್ 2ರ ಪಕ್ಕಕ್ಕೆ ಬರುತ್ತದೆಯೇ ಹೊರತು 2 ಆಗುವುದಿಲ್ಲ. ಹಾಗಾಗಿ (ಎಕ್ಸ್ − 2) ಎಷ್ಟೇ ಚಿಕ್ಕದಾದರೂ ಸೊನ್ನೆಯಲ್ಲ. ಆದರೆ ಗುಣಿಸಿಕೊಂಡು ನಿಂತದ್ದನ್ನಷ್ಟೇ ಹೊಡೆಯಬೇಕು. ಮೇಲಿನ ಎಕ್ಸ್²ಕ್ಕೂ ಕೆಳಗಿನ ಎಕ್ಸ್²ಕ್ಕೂ ಗೀಟು ಎಳೆದರೆ ನನ್ನ ಕೆಂಪು ಪೆನ್ನು ಏಳುತ್ತದೆ.

ಈಗ ನಾನೇ ಮುಗ್ಗರಿಸಿದ ಲೆಕ್ಕ. ನನ್ನ ಪಿಯುಸಿ ಪರೀಕ್ಷೆಯಲ್ಲಿ ಬಂದಿತ್ತು.

(ಎಕ್ಸ್³ − 3ಎಕ್ಸ್ + 2) / (ಎಕ್ಸ್² − 2ಎಕ್ಸ್ + 1), ಎಕ್ಸ್ → 1.

ಸೊನ್ನೆ ಮೇಲೆ ಸೊನ್ನೆ. ಕೆಳಗಿನದು (ಎಕ್ಸ್ − 1)(ಎಕ್ಸ್ − 1). ಮೇಲಿನದನ್ನು ಸಂಶ್ಲೇಷಿತ ಭಾಗಾಕಾರಕ್ಕೆ (ಎಕ್ಸ್ ಬರೆಯದೆ ಬರೀ ಸಂಖ್ಯೆಗಳಲ್ಲೇ ಭಾಗಿಸುವ ವಿಧಾನ) ಹಾಕಿ, ಸಹಗುಣಕಗಳನ್ನು, ಅಂದರೆ ಎಕ್ಸ್ ಪದಗಳ ಮುಂದಿನ ಸಂಖ್ಯೆಗಳನ್ನೂ ಕೊನೆಯ ಬಿಡಿ ಸಂಖ್ಯೆಯನ್ನೂ, 1, −3, 2 ಅಂತ ಬರೆದೆ. 1 ಇಟ್ಟು, ಅಂದರೆ (ಎಕ್ಸ್ − 1)ರಿಂದ, ಭಾಗಿಸಿದರೆ 1, −2, ಶೇಷ 0. ಶೇಷ ಸೊನ್ನೆ ಬಂದ ಮೇಲೆ ಯಾರಿಗೆ ಅನುಮಾನ ಬರುತ್ತೆ? (ಎಕ್ಸ್ − 2) / (ಎಕ್ಸ್ − 1) ಉಳೀತು, ಲಿಮಿಟ್ ಇಲ್ಲ ಅಂತ ಬರೆದು ಖುಷಿಯಾಗಿ ಎದ್ದು ಬಂದೆ. ಎಕ್ಸ್² ಪದ ಕಾಣದಿದ್ದರೂ ಅದರ ಜಾಗಕ್ಕೊಂದು 0 ಇಡಬೇಕು: 1, 0, −3, 2. ಆ 0 ಬಿಟ್ಟರೂ ಸಹಗುಣಕಗಳ ಮೊತ್ತ ಬದಲಾಗದು. (ಎಕ್ಸ್ − 1)ರಿಂದ ಭಾಗಿಸುವಾಗ ಶೇಷ ಆ ಮೊತ್ತವೇ. ಅದಕ್ಕೇ ತಪ್ಪು ಸಿಕ್ಕಿಬೀಳಲಿಲ್ಲ. ಘನದಿಂದ ಒಂದು ಅಪವರ್ತನ ತೆಗೆದರೆ ವರ್ಗ ಉಳಿಯಬೇಕಿತ್ತು, ನನಗೆ ಉಳಿದದ್ದು ಬರೀ ಎಕ್ಸ್ − 2. ಅಷ್ಟನ್ನಾದರೂ ನೋಡಬೇಕಿತ್ತು.

ಸರಿಯಾಗಿ ಮಾಡಿದರೆ ಭಾಗಲಬ್ಧ ಎಕ್ಸ್² + ಎಕ್ಸ್ − 2. ಒಂದು (ಎಕ್ಸ್ − 1) ಹೊಡೆದು 1 ಹಾಕಿ: ಮತ್ತೆ ಸೊನ್ನೆ ಮೇಲೆ ಸೊನ್ನೆ! ಇನ್ನೊಂದು ಅಡಗಿದೆ ಅಂತಷ್ಟೇ ಅರ್ಥ. ಅದನ್ನೂ ತೆಗೆದರೆ ಎಕ್ಸ್ + 2 ಉಳಿದು ಉತ್ತರ 3. ನಂಬಿಕೆ ಬರದಿದ್ದರೆ ಮೂಲ ಲೆಕ್ಕಕ್ಕೇ 1.1 ಹಾಕಿ: 0.031 / 0.01, ಅಂದರೆ 3.1. 1.01 ಹಾಕಿದರೆ 3.01.