ಮುಳುಗಿದ ಊರಿನ ನಕ್ಷೆಯನ್ನು ಪುನರ್ವಸತಿ ಕೇಂದ್ರದಲ್ಲಿ ಕುಳಿತು ಬರೆಯುವ ಬಗೆ

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ನೀರು ಅಷ್ಟಕ್ಕೆ ನಿಂತಾಗ ಕೃಷ್ಣಾ, ಘಟಪ್ರಭಾ ದಂಡೆಯ ಹಲವು ಹಳ್ಳಿಗಳ ಜೊತೆಗೆ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳೂ ಮುಳುಗಿದವು. ಅಲ್ಲಿದ್ದ ಜನ ಹೊಸದಾಗಿ ಕಟ್ಟಿದ ಬಾಗಲಕೋಟೆಯಾದ ನವನಗರದ ಸೆಕ್ಟರ್‌ಗಳಿಗೂ ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರಗಳಿಗೂ ಬಂದು ನೆಲೆಸಿದರು. ಹಳೆಯ ಊರಿನಲ್ಲಿ ಸಂಸಾರ ಮಾಡಿ ಬಾಳಿದವರು ಈಗ ಮುಪ್ಪಿನಲ್ಲಿದ್ದಾರೆ. ಓಣಿ ಓಣಿಯ ನಕ್ಷೆ ಅವರ ನೆನಪಿನಲ್ಲಿ ಇನ್ನೂ ಇದೆಯಾದ್ದರಿಂದ, ಪುನರ್ವಸತಿ ಕೇಂದ್ರದಲ್ಲೇ ಹುಟ್ಟಿ ಬೆಳೆದ ಯುವಕ ಯುವತಿಯರು ಈ ಕೆಲಸವನ್ನು ಮುಂದಿನ ವರ್ಷಕ್ಕೆ ದೂಡಬಾರದು.

ಮೊದಲು ಕಾಗದಗಳನ್ನು ಕೂಡಿಸಿಕೊಳ್ಳಿ. ಭೂಮಾಪನ ಇಲಾಖೆಯ ಗ್ರಾಮನಕ್ಷೆಯಲ್ಲಿ ಹೊಲಗಳ ಸರ್ವೆ ನಂಬರು, ಹಳ್ಳ, ದಾರಿ, ಎಲ್ಲೆ ಎಲ್ಲವೂ ಇರುತ್ತವೆ. ಇಲಾಖೆಯ ಜಾಲತಾಣದಲ್ಲಿ ನಿಮ್ಮೂರಿನದು ಸಿಗದಿದ್ದರೆ ತಾಲೂಕಿನ ಭೂಮಾಪನ ಕಚೇರಿಯಲ್ಲಿ ನಕಲಿಗೆ ಅರ್ಜಿ ಕೊಡಿ. ಆದರೆ ಆ ನಕ್ಷೆಯಲ್ಲಿ ಗಾವಠಾಣವನ್ನು, ಅಂದರೆ ಮನೆಗಳಿರುವ ಊರಿನ ಜಾಗವನ್ನು, ಒಂದೇ ತುಂಡಾಗಿ ತೋರಿಸಿರುತ್ತಾರೆ, ಒಳಗಿನ ಮನೆಗಳ ವಿವರ ಇರುವುದಿಲ್ಲ. ಮನೆಗಳ ವಿವರ ಬೇಕಾದರೆ ಭೂಸ್ವಾಧೀನದ ಕಡತವನ್ನೇ ನೋಡಬೇಕು. 1894ರ ಭೂಸ್ವಾಧೀನ ಕಾಯ್ದೆಯ 4(1)ನೇ ಕಲಮಿನ ಅಧಿಸೂಚನೆ, 11ನೇ ಕಲಮಿನ ಐತೀರ್ಪು (ಪರಿಹಾರ ಗೊತ್ತುಪಡಿಸಿದ ಆದೇಶ) ಮತ್ತು ಮನೆಗಳ ಮೌಲ್ಯಮಾಪನ ಪಟ್ಟಿ, ಈ ಮೂರನ್ನೂ ಮಾಹಿತಿ ಹಕ್ಕಿನಡಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು; ಆದ್ದರಿಂದ ಊರಿನ ಹೆಸರು, ತಾಲೂಕು, ಗೊತ್ತಿದ್ದರೆ ಕಡತದ ಸಂಖ್ಯೆಯನ್ನು ಬರೆದು, ಒಂದೊಂದು ದಾಖಲೆಗೆ ಒಂದೊಂದು ಅರ್ಜಿ ಹಾಕುವುದು ಒಳ್ಳೆಯದು. ಮೌಲ್ಯಮಾಪನ ಪಟ್ಟಿ ಕೈಗೆ ಬಂದರೆ ಮನೆಯ ನಂಬರು, ಮಾಲೀಕರ ಹೆಸರು, ಅಳತೆ, ಗೋಡೆ ಕಲ್ಲಿನದೋ ಮಣ್ಣಿನದೋ ಎಂಬುದೂ ತಿಳಿಯುತ್ತದೆ.

ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳಿಗೆ ಹಿಂದೆ ಸರಿದರೆ ಅಣೆಕಟ್ಟು ತುಂಬುವ ಮೊದಲಿನ ಉಪಗ್ರಹ ಚಿತ್ರಗಳೂ ಕಾಣುತ್ತವೆ. ಅವುಗಳಲ್ಲಿ ಮನೆ ಗುರುತು ಹತ್ತುವಷ್ಟು ಸ್ಪಷ್ಟತೆ ಇಲ್ಲವಾದರೂ ಹೊಳೆಯ ಮೂಲ ಪಾತ್ರ ಯಾವ ಕಡೆ ಇತ್ತೆಂದು ತಿಳಿಯಲು ಅಷ್ಟು ಸಾಕು.

ಇನ್ನು ನಿಜವಾದ ಕೆಲಸ ಹಿರಿಯರ ಜೊತೆಗಿನದು. ದೊಡ್ಡ ಹಾಳೆಯ ಮೇಲೆ ಅಗಸಿ (ಊರ ಬಾಗಿಲು), ಹನುಮಪ್ಪನ ಗುಡಿ, ಹೊಳೆಗೆ ಇಳಿಯುವ ಹಾದಿ ಇವಿಷ್ಟನ್ನು ಮಾತ್ರ ಮೊದಲು ಗುರುತಿಸಿಕೊಳ್ಳಿ. ಊರು ಹೇಗಿತ್ತು ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎಂದು ಹೇಳಿ ಸುಮ್ಮನಾಗುತ್ತಾರೆ. ಅದರ ಬದಲು ಅವರನ್ನು ಮಾತಿನಲ್ಲೇ ನಡೆಸಿಕೊಂಡು ಹೋಗಬೇಕು: "ಯವ್ವಾ, ಅಗಸಿ ದಾಟಿ ಒಳಗ ಬಂದ್ರ ಎಡಕ್ಕ ಮೊದಲ ಯಾರ ಮನಿ ಬರ್ತಿತ್ತು? ಅದರ ಮಗ್ಗಲಿಗೆ?" ಹೀಗೆ ಕೇಳುತ್ತಾ ಹೋದರೆ ಕಟ್ಟೆ, ಹುಡೇವು (ಕಾವಲು ಕೊತ್ತಲ), ಗರಡಿಮನೆ, ಹಗೇವು (ಕಾಳು ತುಂಬಿಡುವ ನೆಲದ ಕುಳಿ), ಯಾರದೋ ಹಿತ್ತಲಿನ ಹುಣಸೆಮರ ಒಂದೊಂದಾಗಿ ಅವುಗಳ ಜಾಗಕ್ಕೆ ಬಂದು ಕೂರುತ್ತವೆ. ಹಬ್ಬದ ಹಾದಿಯನ್ನೂ ಕೇಳಿ. ದ್ಯಾಮವ್ವನ ಮೆರವಣಿಗೆ ಯಾವ ಓಣಿಯಲ್ಲಿ ತಿರುಗುತ್ತಿತ್ತು, ಪಲ್ಲಕ್ಕಿ ಎಲ್ಲಿ ನಿಲ್ಲುತ್ತಿತ್ತು ಎಂಬುದನ್ನು ಜನ ಅಷ್ಟು ಬೇಗ ಮರೆಯುವುದಿಲ್ಲ. ಬಾಗಲಕೋಟೆಯವರಾದರೆ ಹೋಳಿಯಿಂದ ಶುರು ಮಾಡಬಹುದು. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹಳೆಯ ಪೇಟೆಗಳ ಹೆಸರುಗಳನ್ನು ಬಣ್ಣದಾಟ ಇಂದಿಗೂ ಬಳಕೆಯಲ್ಲಿ ಇಟ್ಟಿದೆ.

ಇಬ್ಬರು ಹಿರಿಯರ ಮಾತು ಹೊಂದದಿದ್ದರೆ ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಬೇಡಿ. ಎರಡನ್ನೂ ಪೆನ್ಸಿಲ್ಲಿನಲ್ಲಿ ಬರೆದಿಟ್ಟು, ಇಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿ ಮತ್ತೊಮ್ಮೆ ಕೇಳಿ; ಮೂರನೆಯ ಮನೆಯೊಂದರ ನೆನಪು ಬಂದು ಜಗಳ ತಾನಾಗಿ ಬಗೆಹರಿಯುವುದುಂಟು.

ಕಡತದ ಪಟ್ಟಿಯನ್ನೇ ಪೂರ್ತಿ ನಂಬಿದರೆ ಅರ್ಧ ಊರು ಬಿಟ್ಟುಹೋಗುವ ಅಪಾಯವಿದೆ. ಆ ಪಟ್ಟಿ ಪರಿಹಾರಕ್ಕಾಗಿ ಮಾಡಿದ್ದು, ಆಸ್ತಿ ಹೆಸರಿಗಿದ್ದವರ ಪಟ್ಟಿ. ಪರರ ಜಾಗದಲ್ಲಿ ಗುಡಿಸಲು ಹಾಕಿಕೊಂಡ ಕೂಲಿಕಾರರು, ಬಾಡಿಗೆಗಿದ್ದವರು, ಗಂಡನ ಹೆಸರಿನ ಹಿಂದೆ ಉಳಿದ ಹೆಣ್ಣುಮಕ್ಕಳು ಅದರಲ್ಲಿ ಸಿಗುವುದು ಕಷ್ಟ. ದಲಿತ ಕೇರಿಯ ಹಿರಿಯರನ್ನು ಅವರ ಮನೆಯಂಗಳಕ್ಕೇ ಹೋಗಿ, ಬೇರೆಯವರ ಹಂಗಿಲ್ಲದೆ ಕೇಳಬೇಕು; ಯಾವ ಬಾವಿಯ ನೀರು ಯಾರಿಗೆ ಸಿಗುತ್ತಿತ್ತು, ಯಾವ ದಾರಿಯಲ್ಲಿ ಯಾರು ನಡೆಯುವಂತಿರಲಿಲ್ಲ ಎಂಬುದೂ ಆ ಊರಿನ ನಕ್ಷೆಯೇ. ಅದನ್ನು ಮುಚ್ಚಿಟ್ಟು ಅಂದದ ಊರನ್ನು ಬರೆದರೆ ಅದು ಸುಳ್ಳು ದಾಖಲೆಯಾಗುತ್ತದೆ.

ಹೊಸ ಮನೆಗಳ ಒಳಗೂ ಕಣ್ಣಾಡಿಸಿ. ಮುಳುಗಡೆಗೆ ಮೊದಲು ಬಿಚ್ಚಿ ತಂದ ತಲಬಾಗಿಲು, ಕಂಬ, ತೊಲೆಗಳು ಎಷ್ಟೋ ಮನೆಗಳಲ್ಲಿ ಸಿಮೆಂಟಿನ ಗೋಡೆಗೆ ಸೇರಿಕೊಂಡಿವೆ. ಚೌಕಟ್ಟು ಗೋಡೆಗಿಂತ ಗಿಡ್ಡವಾಗಿದ್ದು, ಮೇಲೆ ಇಟ್ಟಂಗಿ ತುಂಬಿದ ಗುರುತು ಕಂಡರೆ ನಿಂತು ವಿಚಾರಿಸಿ. ಬಾಗಿಲಿನ ಅಗಲ ಎತ್ತರ ಅಳೆದು, ಹಳೆಯ ಮನೆ ಯಾವ ದಿಕ್ಕಿಗೆ ಮುಖ ಮಾಡಿತ್ತೆಂದು ಕೇಳಿ ಬರೆದುಕೊಳ್ಳಿ.

ಮಳೆಗಾಲಕ್ಕೆ ಮೊದಲು, ಮೇ ತಿಂಗಳ ಹೊತ್ತಿಗೆ, ಹಿನ್ನೀರು ಇಳಿದಿರುತ್ತದೆ. ಅಡಿಪಾಯದ ಕಲ್ಲುಗಳು ಹೊರಗೆ ಕಾಣುವ ಕಡೆ ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಗುರುತಿಸಿಕೊಂಡರೆ ಹಾಳೆಯ ಮೇಲಿನ ನಕ್ಷೆ ನೆಲಕ್ಕೆ ಹೊಂದುತ್ತದೆ. ಮೇಲೆ ಒಣಗಿದಂತೆ ಕಾಣುವ ಹೂಳು ಒಳಗೆ ಹಸಿಯಾಗಿರುವುದರಿಂದ ಒಬ್ಬರೇ ಇಳಿಯಬೇಡಿ, ಆ ಜಾಗ ಬಲ್ಲ ಮೀನುಗಾರರನ್ನು ಕರೆದುಕೊಳ್ಳಿ.

ಮುಗಿದ ನಕ್ಷೆಯ ಮೇಲೆ ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆದು, ತಾರೀಖು ಹಾಕಿ, ಒಂದೊಂದು ಪ್ರತಿಯನ್ನು ಶಾಲೆಗೂ ಗ್ರಾಮ ಪಂಚಾಯಿತಿಗೂ ಕೊಡಿ.

ರಾಜ್ಯಗಳ ನಡುವಿನ ನೀರಿನ ವ್ಯಾಜ್ಯ ವಿಚಾರಿಸಿದ ಕೃಷ್ಣಾ ಎರಡನೇ ನ್ಯಾಯಾಧಿಕರಣವು ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಆ ಏರಿಕೆಯ ಪಟ್ಟಿಯಲ್ಲಿರುವ ಊರುಗಳವರಿಗೆ ನೆನಪನ್ನು ಕೆದಕುವ ಅಗತ್ಯ ಇನ್ನೂ ಬಂದಿಲ್ಲ. ಅವರು ಟೇಪು ಹಿಡಿದು ಓಣಿಗೆ ಇಳಿದು, ಮನೆ, ಗುಡಿ, ಬಾವಿ, ಕಣ, ಗೋರಿಗಳನ್ನು ಈಗಲೇ ಅಳೆದು, ಪ್ರತಿ ಮನೆಯವರನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೊ ತೆಗೆದಿಡಬೇಕು. ಅಳತೆಗೆ ಅಧಿಕಾರಿಗಳು ಬಂದ ದಿನ ಪಂಚನಾಮೆಗೆ ಸಹಿ ಹಾಕುವ ಮುನ್ನ ತಮ್ಮ ಲೆಕ್ಕದೊಡನೆ ಅದನ್ನು ಹೋಲಿಸಿ ನೋಡಲೂ ಇದು ನೆರವಾಗುತ್ತದೆ.