ಆ ಮಾತು ಯಾರದ್ದೆಂದು ಬರೆದಿಟ್ಟುಕೊಂಡ ಮೇಲೆ

ಟ್ರಾನ್ಸ್ ಮಹಿಳೆಯಾಗಿ ಬದುಕತೊಡಗಿದ ಮೊದಲ ವರ್ಷಗಳಲ್ಲಿ, ಜನ ಆಡಿದ ಮಾತಿಗಿಂತ ಅವರು ಇನ್ನೂ ಆಡದ ಮಾತಿಗಾಗಿ ಮೈಯೆಲ್ಲ ಕಿವಿಯಾಗಿ ಕಾಯುವುದೇ ನನ್ನನ್ನು ಹೆಚ್ಚು ದಣಿಸುತ್ತಿತ್ತು. ಯಾವ ದಾರಿ ಹಿಡಿಯಬೇಕು, ಯಾವ ಶೌಚಾಲಯಕ್ಕೆ ಹೋಗಬಹುದು ಎಂದು ಯೋಚಿಸುವಷ್ಟರಲ್ಲೇ ಹೊರಗೆ ಹೋಗುವ ಉತ್ಸಾಹ ಬತ್ತಿಹೋಗುತ್ತಿತ್ತು. ಈ ದಣಿವಿಗೆ ಒಂದು ಹೆಸರಿದೆ ಎಂದು ತಿಳಿದದ್ದು ಆಪ್ತಸಮಾಲೋಚನೆಯಲ್ಲಿ. ಸಲಿಂಗಿ ಮತ್ತು ದ್ವಿಲಿಂಗಿ ಜನರನ್ನು ಕುರಿತು ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ವಿವರಿಸಿದ ‘ಅಲ್ಪಸಂಖ್ಯಾತರ ಒತ್ತಡ’ದ ಮಾದರಿಯನ್ನು ಮನೋವಿಜ್ಞಾನಿಗಳಾದ ಹೆಂಡ್ರಿಕ್ಸ್ ಮತ್ತು ಟೆಸ್ಟಾ 2012ರಲ್ಲಿ ಟ್ರಾನ್ಸ್‌ಜೆಂಡರ್ ಜನರ ಬದುಕಿಗೆ ಅನ್ವಯಿಸಿದರು. ಹೊರಗಿನಿಂದ ಬರುವ ತಾರತಮ್ಯ, ಅದು ಬಂದೇ ಬರುತ್ತದೆಂಬ ಆತಂಕ, ಗುರುತನ್ನು ಮರೆಮಾಚುವ ಶ್ರಮ, ತಿರಸ್ಕಾರವನ್ನು ನಾವೇ ನಂಬಿಬಿಡುವುದು ಇವೆಲ್ಲ ಬೇರೆ ಬೇರೆ ಹೊರೆಗಳೆಂದು ಅರಿತಾಗ, ಕಡೆಯದನ್ನಾದರೂ ಇಳಿಸಬಹುದು ಎನ್ನಿಸಿತು.

ಅದಕ್ಕಾಗಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ದಿನವೂ ಮಲಗುವ ಮುನ್ನ, ಅಂದು ನೋಯಿಸಿದ ಮಾತನ್ನು ಎಡಗಡೆಯೂ ಅದನ್ನು ಆಡಿದವರು ಯಾರೆಂದು ಬಲಗಡೆಯೂ ಬರೆಯುತ್ತಿದ್ದೆ. ಕೆಲವು ವಾರಗಳ ನಂತರ ಹಿಂದಿನ ಪುಟಗಳನ್ನು ತಿರುವಿದಾಗ, ‘ನೀನು ಯಾರಿಗೂ ಬೇಡ’ ಎಂಬ ಮಾತು ಮತ್ತೆ ಮತ್ತೆ ಬಂದಿತ್ತು, ಅದರ ಎದುರು ಮಾತ್ರ ಯಾರ ಹೆಸರೂ ಇರಲಿಲ್ಲ. ಬಾಲ್ಯದಲ್ಲಿ ಬಂಧುವೊಬ್ಬರು ಆಡಿದ್ದ ಆ ಮಾತನ್ನು ಈಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಟ್ರಾನ್ಸ್ ಜನರ ನಮ್ಮ ಗುಂಪಿನಲ್ಲಿ ಅದನ್ನು ಗಟ್ಟಿಯಾಗಿ ಓದಿದ ದಿನ ಹಿರಿಯಕ್ಕ ಒಬ್ಬರು, “ಇದೇ ಮಾತು ನನ್ನೊಳಗೂ ಇತ್ತು ಕಣೇ” ಎಂದರು. ಒಂಟಿಯಾಗಿ ಎಷ್ಟು ಬರೆದರೂ ಸಿಗದಿದ್ದ ಹಗುರ ಆ ಕ್ಷಣದಲ್ಲಿ ಸಿಕ್ಕಿತು. ನೋಟ್‌ಬುಕ್ಕಿಗಿಂತ ಗುಂಪೇ ದೊಡ್ಡದು ಎಂಬುದು ಅಂದಿನಿಂದ ನನ್ನ ದೃಢ ಅಭಿಪ್ರಾಯ.

‘ನಿನಗೆ ಹುಚ್ಚು’ ಎಂಬುದು ಇನ್ನೊಂದು ಹಳೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಲ್ಲಿ ಜಾರಿಗೆ ಬಂದ ತನ್ನ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ನಮ್ಮ ಸ್ಥಿತಿಯನ್ನು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ತೆಗೆದಿದೆ ಎಂಬುದನ್ನು ಆ ಮಾತಿನ ಎದುರಿಗೇ ಬರೆದಿಟ್ಟೆ.

ಹೆಸರಿನ ವಿಷಯದಲ್ಲಿ ನಿಧಾನವಾಗಿಯೇ ಮುಂದುವರಿದೆ. ನಾನು ಆರಿಸಿಕೊಂಡ ಹೆಸರಿನಿಂದಲೇ ಕರೆಯಿರೆಂದು ಮೊದಲು ಒಬ್ಬ ಗೆಳತಿಯನ್ನು, ಬಳಿಕ ಗುಂಪಿನವರನ್ನು, ಆಮೇಲೆ ಸಹೋದ್ಯೋಗಿಗಳನ್ನು, ಕಡೆಗೆ ಮನೆಯವರನ್ನು ಕೇಳಿಕೊಂಡೆ. ಟ್ರಾನ್ಸ್ ಯುವಜನರನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಯ್ದ ಹೆಸರು ಹೆಚ್ಚು ಕಡೆಗಳಲ್ಲಿ ಬಳಕೆಯಾದಷ್ಟೂ ಖಿನ್ನತೆ ಮತ್ತು ಆತ್ಮಹತ್ಯೆಯ ಆಲೋಚನೆಗಳು ಕಡಿಮೆಯಿದ್ದುದನ್ನು ಕಂಡುಕೊಂಡಿತ್ತು. ನನ್ನ ತಮ್ಮ ಒಪ್ಪಲು ಎರಡು ವರ್ಷ ತೆಗೆದುಕೊಂಡ. ಆದರೆ ಅಷ್ಟರಲ್ಲಿ ಉಳಿದೆಡೆ ಆ ಹೆಸರು ಬೇರೂರಿದ್ದರಿಂದ ಅವನ ಹಟ ನನ್ನನ್ನು ಕುಗ್ಗಿಸಲಿಲ್ಲ.

ಇದಾವುದೂ ಕೆಲಸಕ್ಕೆ ಬಾರದ ರಾತ್ರಿಗಳು ಈಗಲೂ ಇವೆ. ಅವುಗಳಿಗಾಗಿ ಇಬ್ಬರಿಗೆ ಮೊದಲೇ ಹೇಳಿಟ್ಟಿದ್ದೇನೆ: ನಾನು ಕರೆ ಮಾಡಿ ಏನೂ ಮಾತನಾಡದೆ ಇದ್ದರೂ ಫೋನ್ ಇಡಬೇಡಿ, ಬೆಳಿಗ್ಗೆ ಆಪ್ತಸಮಾಲೋಚಕರ ಬಳಿಗೆ ನನ್ನ ಜೊತೆ ಬನ್ನಿ.