ಗೇಮಿಂಗ್ ಪಿಸಿ ನೀವೇ ಜೋಡಿಸುತ್ತೀರಾ? ಹಾಗಾದರೆ ಮಾನಿಟರ್‌ನಿಂದ ಶುರು ಮಾಡಿ

ಕಂಪ್ಯೂಟರ್ ಅಂಗಡಿಗೆ ಹೋಗಿ ‘ಗೇಮಿಂಗ್ ಪಿಸಿ ಬೇಕು’ ಅಂದರೆ ಸಾಮಾನ್ಯವಾಗಿ ಇಂಥದ್ದೊಂದು ಕೊಟೇಶನ್ ಕೈಗೆ ಬರುತ್ತದೆ: ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ವಾಟ್ ಎಸ್‌ಎಂಪಿಎಸ್, ಆರ್‌ಜಿಬಿ ಕ್ಯಾಬಿನೆಟ್’. ಓದೋಕೆ ಚೆನ್ನಾಗಿದೆ. ಆದರೆ ಇದರಲ್ಲಿ ಒಂದು ಭಾಗದ್ದೂ ಪೂರ್ತಿ ಹೆಸರಿಲ್ಲ. ಐ7 ಅಂದರೆ ಯಾವ ಐ7? 2012ರಲ್ಲಿ ಬಂದ ಐ7-3770 ಕೂಡ ಐ7 ತಾನೇ. ಹಳೇ ಆಫೀಸ್ ಕಂಪ್ಯೂಟರ್‌ಗಳಿಂದ ತೆಗೆದ ಈ ಚಿಪ್ ಇವತ್ತಿಗೂ ‘ಗೇಮಿಂಗ್ ಪಿಸಿ’ ಹೆಸರಲ್ಲಿ ಮಾರಾಟವಾಗುತ್ತದೆ. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಅಧಿಕೃತ ಪಟ್ಟಿಯಲ್ಲಿ ಅದು ಇಲ್ಲ. 2022ರ ಐ3-12100 ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ.

ಆದ್ದರಿಂದ ಪ್ರತಿ ಭಾಗದ ಕಂಪನಿ ಮತ್ತು ಪೂರ್ತಿ ಮಾಡೆಲ್ ನಂಬರ್ ಬರೆದುಕೊಡದ ಕೊಟೇಶನ್‌ಗೆ ಮುಂಗಡ ಕೊಡಬೇಡಿ. ಅದಕ್ಕಿಂತ ಒಳ್ಳೆಯದು, ಪಟ್ಟಿಯನ್ನು ನೀವೇ ಮನೆಯಲ್ಲಿ ಕೂತು ಮಾಡಿಕೊಂಡು ಹೋಗುವುದು. ಇಲ್ಲಿ ಹೇಳುತ್ತಿರುವುದು ಮಾನಿಟರ್ ಬಿಟ್ಟು ಸುಮಾರು 80 ಸಾವಿರದಿಂದ 1 ಲಕ್ಷ ರೂಪಾಯಿ ಒಳಗಿನ ಪಿಸಿ ಬಗ್ಗೆ. ಬಿಡಿಭಾಗಗಳ ಬೆಲೆ ಒಂದೇ ಕಡೆ ನಿಲ್ಲುವುದಿಲ್ಲ. ಹಾಗಾಗಿ ಒಂದೊಂದರ ಬೆಲೆ ಹೇಳುವ ಬದಲು ಯಾವುದಕ್ಕೆ ಎಷ್ಟು ಪಾಲು ಇಡಬೇಕು, ಯಾಕೆ ಇಡಬೇಕು ಅನ್ನುವುದನ್ನು ಹೇಳುತ್ತೇನೆ.

ಮೊದಲು ಮಾನಿಟರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್

ಬಹಳ ಜನ ಪ್ರೊಸೆಸರ್‌ನಿಂದ ಲೆಕ್ಕ ಶುರು ಮಾಡುತ್ತಾರೆ. ನಾನು ಹೇಳುವುದು, ಮಾನಿಟರ್‌ನಿಂದ ಶುರು ಮಾಡಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳು, ಅಂದರೆ ಚಿತ್ರದ ಚುಕ್ಕೆಗಳು, ಇರುತ್ತವೆ. 1440ಪಿ ಪರದೆಯಲ್ಲಿ ಸುಮಾರು 36.9 ಲಕ್ಷ. ಪ್ರತಿ ಫ್ರೇಮ್‌ಗೂ (ಒಂದಾದ ಮೇಲೊಂದು ಬರುವ ಒಂದೊಂದು ಚಿತ್ರಕ್ಕೂ) ಗ್ರಾಫಿಕ್ಸ್ ಕಾರ್ಡ್ ಇಷ್ಟನ್ನೂ ಬಿಡಿಸಬೇಕು. ಅಂದರೆ ಪರದೆ ಬದಲಾದರೆ ಕಾರ್ಡ್ ಮೇಲಿನ ಹೊರೆ ಮುಕ್ಕಾಲು ಪಾಲಿನಷ್ಟು ಜಾಸ್ತಿಯಾಗುತ್ತದೆ. ನಿಮ್ಮ ಹತ್ತಿರ ಈಗಾಗಲೇ 60 ಹರ್ಟ್ಸ್‌ನ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) 1080ಪಿ ಮಾನಿಟರ್ ಇದ್ದು, ಅದನ್ನೇ ಬಳಸುತ್ತೀರಿ ಅಂತಾದರೆ ದುಬಾರಿ ಕಾರ್ಡ್ ಬಿಡಿಸುವ ಹೆಚ್ಚಿನ ಫ್ರೇಮ್‌ಗಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಏನು ಆಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ವಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ ಆಟಗಳಿಗೆ ಭಾರಿ ಕಾರ್ಡ್ ಬೇಕಿಲ್ಲ. ಒಳ್ಳೆಯ ಪ್ರೊಸೆಸರ್ ಮತ್ತು 144 ಹರ್ಟ್ಸ್ ಅಥವಾ ಅದಕ್ಕಿಂತ ಮೇಲಿನ 1080ಪಿ ಮಾನಿಟರ್ ಇದ್ದರೆ ಸಾಕು. ಸೈಬರ್‌ಪಂಕ್ 2077 ಥರದ, ಕಥೆಯೇ ಮುಖ್ಯವಾದ ದೊಡ್ಡ ಆಟಗಳನ್ನು ಚೆಂದವಾಗಿ ನೋಡಬೇಕು ಅಂದರೆ 27 ಇಂಚಿನ 1440ಪಿ ಮಾನಿಟರ್ ತೆಗೆದುಕೊಳ್ಳಿ. ಆಗ ಕಾರ್ಡ್‌ಗೆ ಹೆಚ್ಚು ದುಡ್ಡು ಎತ್ತಿಡಬೇಕು.

ಈ ಬಜೆಟ್‌ನಲ್ಲಿ ಕಾರ್ಡ್‌ಗೇ ಒಟ್ಟು ದುಡ್ಡಿನ ಶೇ 35ರಿಂದ 40ರಷ್ಟು ಇಡಿ. ಪ್ರೊಸೆಸರ್‌ಗೆ ಇದರ ಅರ್ಧ ಸಾಕು.

ಕಾರ್ಡ್ ಆರಿಸುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದರ ಮೆಮೊರಿ, ಅಂದರೆ ವಿ-ರ‍್ಯಾಮ್. ಇಲ್ಲಿ ಒಂದು ದೊಡ್ಡ ಗೊಂದಲವಿದೆ. 2025ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಎರಡೂ 8 ಜಿಬಿ ಮತ್ತು 16 ಜಿಬಿ ರೂಪಗಳಲ್ಲಿ ಸಿಗುತ್ತವೆ. ಹೆಸರು ಒಂದೇ, ಡಬ್ಬಿಯೂ ಹೆಚ್ಚುಕಡಿಮೆ ಒಂದೇ ಥರ. ಆದರೆ ಆಟಕ್ಕೆ 8 ಜಿಬಿ ಸಾಲದೆ ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ. ಚಿತ್ರ ತಡವರಿಸುತ್ತದೆ. ಗೋಡೆ, ನೆಲದ ಮೇಲಿನ ವಿವರಗಳು ಮಸುಕಾಗಿ ಕಾಣುತ್ತವೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಚೆನ್ನಾಗಿಯೇ ಇದ್ದರೂ ಮಧ್ಯೆ ಮಧ್ಯೆ ಗಕ್ಕನೆ ನಿಂತು ಹೋಗುತ್ತದೆ. ಮಾನಿಟರ್ 1440ಪಿ ಆದರೆ 16 ಜಿಬಿ ಕಾರ್ಡನ್ನೇ ತೆಗೆದುಕೊಳ್ಳಿ. 1080ಪಿ ಆದರೂ ನಾಲ್ಕೈದು ವರ್ಷ ಬಾಳಬೇಕು ಅನ್ನುವವರಿಗೆ ನನ್ನ ಮಾತು ಅದೇ. ಬರೀ ಇ-ಸ್ಪೋರ್ಟ್ಸ್ (ವಾಲೊರಂಟ್ ಥರದ ಸ್ಪರ್ಧೆಯ ಆಟಗಳು) ಆಡುವವರಿಗೆ 8 ಜಿಬಿಯ ಆರ್‌ಟಿಎಕ್ಸ್ 5060 ಧಾರಾಳ ಸಾಕು.

ಎನ್‌ವಿಡಿಯಾವೋ ಎಎಂಡಿಯೋ? ಬರೀ ಆಟಕ್ಕಾದರೆ, ಕೊಟ್ಟ ದುಡ್ಡಿಗೆ ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಕಾರ್ಡ್ ನನಗೆ ಇಷ್ಟ. ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಅದೇ ಪಿಸಿಯಲ್ಲಿ ಮಷೀನ್ ಲರ್ನಿಂಗ್ ಅಥವಾ ಬ್ಲೆಂಡರ್ ಕೆಲಸ ಮಾಡುತ್ತಾರೆ ಅಂದರೆ ಎನ್‌ವಿಡಿಯಾ ಕಡೆ ಹೋಗಿ. ಆ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಎನ್‌ವಿಡಿಯಾದ ‘ಕೂಡಾ’ (CUDA) ಅನ್ನುವ ವ್ಯವಸ್ಥೆಯನ್ನು ನಂಬಿಕೊಂಡಿವೆ.

ಹಳೇ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್) ಉಳಿಸಿಕೊಂಡು ಕಾರ್ಡ್ ಮಾತ್ರ ಹಾಕುವವರು ಇನ್ನೊಂದು ವಿಷಯ ಗಮನಿಸಿ. ಆರ್‌ಟಿಎಕ್ಸ್ 5060 ಮತ್ತು 5060 ಟಿಐ ಬಳಸುವುದು 8 ಲೇನ್ (ಬೋರ್ಡ್ ಮತ್ತು ಕಾರ್ಡ್ ನಡುವೆ ಡೇಟಾ ಓಡುವ ದಾರಿ) ಮಾತ್ರ. ಬಿ450 ಥರದ ಪಿಸಿಐಇ 3.0 (ಕಾರ್ಡ್ ಕೂರುವ ಸ್ಲಾಟ್‌ನ ಹಳೇ ತಲೆಮಾರು) ಬೋರ್ಡ್‌ನಲ್ಲಿ, ಅದರಲ್ಲೂ 8 ಜಿಬಿ ಕಾರ್ಡ್ ಆದರೆ, ವೇಗ ಸ್ವಲ್ಪ ಬೀಳುತ್ತದೆ. ಆರ್‌ಎಕ್ಸ್ 9060 ಎಕ್ಸ್‌ಟಿ 16 ಲೇನ್ ಬಳಸುವುದರಿಂದ ಅಲ್ಲಿ ಅದೇ ವಾಸಿ.

ಪ್ರೊಸೆಸರ್ ಮತ್ತು ಬೋರ್ಡ್ ಒಟ್ಟಿಗೇ ಆರಿಸಿ

ಆಟಕ್ಕೆ 6 ಕೋರ್, 12 ಥ್ರೆಡ್ ಇರುವ ಪ್ರೊಸೆಸರ್ ಸಾಕು. ಎಎಂಡಿಯ ರೈಜೆನ್ 5 7600 ಅಥವಾ 7500ಎಫ್ ನೋಡಿ. ಇವು ಎಎಂ5 ಸಾಕೆಟ್‌ನವು (ಸಾಕೆಟ್ ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ). ಈ ಸಾಕೆಟ್ ಬಂದಿದ್ದು 2022ರಲ್ಲಿ. 2027ರವರೆಗೂ ಅದರ ನಂತರವೂ ಇದಕ್ಕೆ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಅಂದರೆ ಮೂರ್ನಾಲ್ಕು ವರ್ಷ ಬಿಟ್ಟು ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ತೆರೆದಿರುತ್ತದೆ. ಇಂಟೆಲ್‌ನ ಐ5-12400ಎಫ್ ಅಗ್ಗ, ಒಳ್ಳೆಯದು ಕೂಡ. ಆದರೆ ಅದರ ಎಲ್‌ಜಿಎ1700 ಸಾಕೆಟ್ 14ನೇ ತಲೆಮಾರಿಗೆ ನಿಂತಿತು. ದುಡ್ಡು ತುಂಬಾ ಬಿಗಿ ಇದ್ದರೆ ಮಾತ್ರ ಆ ಕಡೆ ಹೋಗಿ.

ಹೆಸರಿನ ಕೊನೆಯ ಅಕ್ಷರ ನೋಡುವುದನ್ನು ಮರೆಯಬೇಡಿ. ‘ಎಫ್’ ಇದ್ದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆ ಬೆಳಗುವುದೇ ಇಲ್ಲ. ಕಾರ್ಡ್ ಯಾವತ್ತಾದರೂ ಕೈಕೊಟ್ಟರೆ ಸರ್ವಿಸ್‌ನಿಂದ ಬರುವವರೆಗೂ ಪಿಸಿ ಸುಮ್ಮನೆ ಕೂತಿರುತ್ತದೆ. ಮನೆಯಲ್ಲಿ ಇರೋದು ಇದೊಂದೇ ಕಂಪ್ಯೂಟರ್ ಆದರೆ ಎಫ್ ಇಲ್ಲದ್ದಕ್ಕೆ ಸ್ವಲ್ಪ ಜಾಸ್ತಿ ಕೊಡುವುದು ಲೇಸು. 7600ರ ಡಬ್ಬಿಯಲ್ಲಿ ಕೂಲರ್ ಇರುತ್ತದೆ, 7600ಎಕ್ಸ್ ಡಬ್ಬಿಯಲ್ಲಿ ಇರುವುದಿಲ್ಲ. ಕಲಬುರಗಿ, ರಾಯಚೂರಿನಂಥ 40 ಡಿಗ್ರಿ ದಾಟುವ ಊರಿನವರು ಜೊತೆಗೆ ಬರುವ ಪುಟ್ಟ ಕೂಲರ್ ನೆಚ್ಚಿಕೊಳ್ಳದೆ ಒಂದು ಟವರ್ ಕೂಲರ್ ಹಾಕಿಸಿ.

ಬೋರ್ಡ್‌ಗೆ ಬಿ650 ಚಿಪ್‌ಸೆಟ್ ಸಾಕು. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ ಬಿ850 ತೆಗೆದುಕೊಳ್ಳಿ. ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ಕೇಳಿ (ಬಯಾಸ್ ಅಂದರೆ ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್). ಬೋರ್ಡ್‌ಗಿಂತ ಹೊಸ ಪ್ರೊಸೆಸರ್ ಹಾಕಬೇಕಾದಾಗ ಪೆನ್‌ಡ್ರೈವ್‌ನಿಂದಲೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಬಹುದು. ವೈಫೈ ಬೇಕಿದ್ದರೆ ಬೋರ್ಡ್‌ನಲ್ಲೇ ಇರುವುದನ್ನು ಕೊಳ್ಳಿ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

2025ರ ಕೊನೆಯಿಂದ ರ‍್ಯಾಮ್ ಬೆಲೆ ಕೆಟ್ಟದಾಗಿ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ಅದಕ್ಕೇ ಹಳೇ ವಿಡಿಯೊಗಳಲ್ಲಿ ಕಾಣುವ ‘32 ಜಿಬಿ ಹಾಕಿಬಿಡಿ’ ಅನ್ನುವ ಮಾತು ಈಗ ಜೇಬಿಗೆ ಭಾರ.

ಸಾಧ್ಯವಿದ್ದರೆ 16 ಜಿಬಿಯ ಎರಡು ಸ್ಟಿಕ್ ಹಾಕಿ. ಆಗದಿದ್ದರೆ ಏನು ಮಾಡುವುದು? 8 ಜಿಬಿಯ ಎರಡು ಹಾಕಿದರೆ ಇವತ್ತು ವೇಗ ಚೆನ್ನಾಗಿರುತ್ತದೆ, ಎರಡು ದಾರಿಯಲ್ಲೂ ಡೇಟಾ ಹರಿಯುತ್ತದೆ. ಆದರೆ ಮುಂದೆ ಇನ್ನೆರಡು ಸೇರಿಸಿದರೆ ಎಎಂ5 ಬೋರ್ಡ್‌ಗಳು ನಾಲ್ಕು ಸ್ಟಿಕ್ ಇರುವಾಗ ವೇಗ ತಗ್ಗಿಸುತ್ತವೆ. ಹಾಗಾಗಿ ಈ ಎರಡನ್ನು ಪಕ್ಕಕ್ಕಿಡಬೇಕಾಗುತ್ತದೆ. ನನ್ನ ಪ್ರಕಾರ ಈಗ 16 ಜಿಬಿಯ ಒಂದೇ ಸ್ಟಿಕ್ ಹಾಕಿ, ಬೆಲೆ ಇಳಿದಾಗ ಅದೇ ಮಾಡೆಲ್‌ನ ಇನ್ನೊಂದನ್ನು ಸೇರಿಸುವುದು ಉತ್ತಮ. ಅಲ್ಲಿಯವರೆಗೆ ಕೆಲವು ಆಟಗಳಲ್ಲಿ ಒಂದಿಷ್ಟು ಫ್ರೇಮ್ ಕಡಿಮೆಯಾಗುತ್ತದೆ, ಆದರೆ ಕೊಟ್ಟ ದುಡ್ಡು ವ್ಯರ್ಥವಾಗುವುದಿಲ್ಲ. ಡಿಡಿಆರ್5-6000, ಸಿಎಲ್30 ಅಂತ ಬರೆದಿರುವುದು ಈ ರೈಜೆನ್‌ಗಳಿಗೆ ಚೆನ್ನಾಗಿ ಒಗ್ಗುತ್ತದೆ.

ಎಸ್‌ಎಸ್‌ಡಿಗೆ 1 ಟಿಬಿಯ ಎನ್‌ವಿಎಂಇ ಜೆನ್4 ಸಾಕು. ಅದಕ್ಕಿಂತ ಹೊಸ, ವೇಗದ ಜೆನ್5ಗೆ ದುಡ್ಡು ಹಾಕಬೇಡಿ, ಆಟದಲ್ಲಿ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಎಸ್‌ಎಂಪಿಎಸ್‌ನಲ್ಲಿ ಮಾತ್ರ ಚೌಕಾಶಿ ಬೇಡ

ಬಜೆಟ್ ಮೀರಿದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಎಸ್‌ಎಂಪಿಎಸ್ ಮೇಲೆ. ‘500 ವಾಟ್ ಅಂತ ಬರೆದಿದೆಯಲ್ಲ, ಇದೇ ಸಾಕು’ ಅಂತ ಹೆಸರಿಲ್ಲದ ಡಬ್ಬಿಯೊಂದನ್ನು ಹಾಕಿಸಿಕೊಳ್ಳುತ್ತಾರೆ. ಇದು ದಯವಿಟ್ಟು ಬೇಡ. ಮಿಕ್ಕ ಎಲ್ಲಾ ಭಾಗಗಳಿಗೂ ಕರೆಂಟ್ ಹೋಗುವುದು ಇದರ ಮೂಲಕವೇ. ಇದು ಕೆಟ್ಟರೆ ಒಂಟಿಯಾಗಿ ಕೆಡದೆ ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದುಕೊಂಡು ಹೋಗುವ ಅಪಾಯ ಇರುತ್ತದೆ.

ಲೆಕ್ಕ ನೋಡಿ. ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಕಾರ್ಡ್‌ಗೆ ಸುಮಾರು 160 ವಾಟ್. ರೈಜೆನ್ 5 7600ಕ್ಕೆ ಗರಿಷ್ಠ 88 ವಾಟ್. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಎಲ್ಲಾ ಸೇರಿ 300 ವಾಟ್ ಆಸುಪಾಸು. ಹಾಗಾದರೆ ಹೆಸರಿರುವ ಕಂಪನಿಯ 550 ಅಥವಾ 650 ವಾಟ್ ಎಸ್‌ಎಂಪಿಎಸ್ ಸಾಕು, 850 ಬೇಕಿಲ್ಲ. ‘80 ಪ್ಲಸ್ ಬ್ರಾಂಜ್’, ‘ಗೋಲ್ಡ್’ ಅನ್ನುವ ಗುರುತುಗಳು ಎಷ್ಟು ಕರೆಂಟ್ ಪೋಲಾಗುತ್ತದೆ ಅನ್ನುವುದರ ಅಳತೆ ಅಷ್ಟೇ. ಒಳಗಿನ ಗುಣಮಟ್ಟಕ್ಕೆ ಅವು ಖಾತರಿ ಅಲ್ಲ. ವಾರಂಟಿ ಎಷ್ಟು ವರ್ಷ ಅಂತ ನೋಡಿ. 5 ವರ್ಷ ಅಥವಾ ಮೇಲೆ ಕೊಡುವ ಕಂಪನಿಗೆ ತನ್ನ ಮಾಲಿನ ಮೇಲೆ ನಂಬಿಕೆ ಇದೆ ಅಂತ ತಿಳಿಯಬಹುದು.

ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲಿ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್ ಮಾತ್ರ. ಆಟ ನಡೆಯುವಾಗ ಪಿಸಿ ಮತ್ತು ಮಾನಿಟರ್ ಸೇರಿ ಅದರ ಅಂಚಿಗೆ ಬರುತ್ತವೆ, ಕರೆಂಟ್ ಹೋದ ಗಳಿಗೆಯಲ್ಲೇ ಯುಪಿಎಸ್ ಕೈಚೆಲ್ಲಬಹುದು. 1000 ವಿಎ ಅಥವಾ ಮೇಲಿನದನ್ನು ಆರಿಸಿ. ಮನೆಯ ಇನ್ವರ್ಟರ್‌ಗೇ ಜೋಡಿಸುವುದಾದರೆ ಅದು ಸೈನ್ ವೇವ್ ಆಗಿರಬೇಕು, ಯುಪಿಎಸ್ ಮೋಡ್‌ನಲ್ಲಿ ಇರಬೇಕು. ಪ್ಲಗ್‌ನ ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂದರೆ ಅರ್ಥಿಂಗ್ ಇಲ್ಲ ಅಂತಲೇ ಲೆಕ್ಕ.

ಕ್ಯಾಬಿನೆಟ್ ವಿಷಯ ಚಿಕ್ಕದು. ಮುಂಭಾಗ ಗಾಜಿನದು ಬೇಡ, ಜಾಲರಿಯದು ಇರಲಿ. ತೆಗೆದು ತೊಳೆಯುವಂಥ ಡಸ್ಟ್ ಫಿಲ್ಟರ್ ಇರಲಿ. ಎಷ್ಟು ಮಿಲಿಮೀಟರ್ ಉದ್ದದ ಕಾರ್ಡ್, ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಅನ್ನುವುದನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ಬಣ್ಣದ ಲೈಟು ಆಮೇಲೆ ಯಾವಾಗ ಬೇಕಾದರೂ ಹಾಕಿಸಬಹುದು.

ಕೊಳ್ಳುವಾಗ

ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗುವ ಮುಂಚೆ ಆನ್‌ಲೈನ್ ಬೆಲೆಗಳನ್ನು ಪಟ್ಟಿಯಲ್ಲಿ ಬರೆದುಕೊಳ್ಳಿ. ಮೂರ್ನಾಲ್ಕು ಅಂಗಡಿಯಲ್ಲಿ ಅದೇ ಪಟ್ಟಿ ತೋರಿಸಿ ಕೇಳಿ. ‘ಈ ಬೋರ್ಡ್ ಇಲ್ಲ, ಇದೂ ಅದೇ ಥರ’ ಅಂದಾಗ ಅಲ್ಲೇ ಫೋನ್‌ನಲ್ಲಿ ಮಾಡೆಲ್ ನೋಡಿ, ಆಮೇಲೆ ಒಪ್ಪಿಕೊಳ್ಳಿ. ಬಿಲ್ ಇಲ್ಲದೆ ಕಡಿಮೆ ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನಿ. ವಾರಂಟಿಗೆ ಜಿಎಸ್‌ಟಿ ಬಿಲ್ಲೇ ಆಧಾರ. ಬಿಲ್‌ನಲ್ಲಿ ಸೀರಿಯಲ್ ನಂಬರ್‌ಗಳೂ ಇರಲಿ.

ಎಎಂ5 ಬೋರ್ಡ್‌ನಲ್ಲಿ ಪಿನ್‌ಗಳು ಇರುವುದು ಸಾಕೆಟ್ ಒಳಗೆ. ಕೂದಲೆಳೆಯಂಥ 1,718 ತುದಿಗಳು. ಅಂಗಡಿಯಲ್ಲೇ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಸಾಲುಗಳು ಒಂದೇ ಸಮ ಹೊಳೆಯಬೇಕು. ಒಂದು ಪಿನ್ ಬಾಗಿದ್ದರೂ ಅಲ್ಲಿ ಹೊಳಪು ತಪ್ಪುತ್ತದೆ. ಆ ಮುಚ್ಚಳವನ್ನು ಎಸೆಯಬೇಡಿ, ಬೋರ್ಡ್ ಸರ್ವಿಸ್‌ಗೆ ಕಳಿಸುವಾಗ ಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವುದಾದರೆ ಕಾರ್ಡ್ ಓಡಿಸಿ ತೋರಿಸಲು ಹೇಳಿ. ಕನಿಷ್ಠ ಅರ್ಧ ಗಂಟೆ ಆಟ ಆಡಿಸಿ, ಬಿಸಿ ಎಷ್ಟಾಗುತ್ತದೆ, ಫ್ಯಾನ್ ಕಿರುಗುಟ್ಟುತ್ತದೆಯಾ ಗಮನಿಸಿ. 2022ರ ಸೆಪ್ಟೆಂಬರ್‌ನಲ್ಲಿ ಎಥಿರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಡಿಜಿಟಲ್ ಹಣ ಗಳಿಸುವುದು) ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ರಾಶಿ ರಾಶಿ ಬಂದವು. ಆರ್‌ಟಿಎಕ್ಸ್ 3000 ಸರಣಿಯವುಗಳಲ್ಲಿ ಅಂಥವು ಇನ್ನೂ ಕೈ ಬದಲಾಯಿಸುತ್ತಿವೆ.

ಜೋಡಿಸಿದ ಮೇಲೆ

ಎಎಂ5 ಪಿಸಿಯನ್ನು ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಬೇಡಿ, ಸ್ವಿಚ್ ಆಫ್ ಮಾಡಬೇಡಿ. ಬೋರ್ಡ್ ಹೊಸ ರ‍್ಯಾಮ್ ಜೊತೆ ಹೊಂದಿಕೊಳ್ಳುತ್ತಿರುತ್ತದೆ. ಇದಕ್ಕೆ ಹಲವು ನಿಮಿಷ ಹಿಡಿಯಬಹುದು. ಸ್ಟಿಕ್ ಎರಡಿದ್ದರೆ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಇವೆಯಾ ನೋಡಿಕೊಳ್ಳಿ. ಮಾನಿಟರ್ ಕೇಬಲ್ ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೇ ಹೋಗಬೇಕು. ‘ಹೊಸ ಪಿಸಿ ಸ್ಲೋ’ ಅನ್ನುವ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಪರದೆ ಬಂದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ. ವಿಂಡೋಸ್ 11ರಲ್ಲಿ ವಾಲೊರಂಟ್ ಆಡುವವರು ಸೆಕ್ಯೂರ್ ಬೂಟ್ ಮತ್ತು ಟಿಪಿಎಂ ಅನ್ನುವ ಸುರಕ್ಷತೆಯ ಸೆಟ್ಟಿಂಗ್‌ಗಳನ್ನೂ ಅಲ್ಲೇ ಆನ್ ಮಾಡಬೇಕು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಮಾನಿಟರ್‌ನ ಹರ್ಟ್ಸ್ ಏರಿಸಿ. 144ರ ಮಾನಿಟರ್ ತಂದು ಎಷ್ಟೋ ಜನ ತಿಂಗಳುಗಟ್ಟಲೆ 60ರಲ್ಲೇ ಆಡುತ್ತಿರುತ್ತಾರೆ.

ಮೊದಲ ವಾರ ಚೆನ್ನಾಗಿ ದುಡಿಸಿ. ಭಾರಿ ಆಟವೊಂದನ್ನು ಒಂದೆರಡು ಗಂಟೆ ಬಿಡದೆ ಓಡಿಸಿ, ಬಿಸಿ ಎಷ್ಟಿದೆ ನೋಡಿ. ಪಿಸಿ ತಾನಾಗಿ ರೀಸ್ಟಾರ್ಟ್ ಆದರೆ ಅಥವಾ ಪರದೆಯಲ್ಲಿ ಚುಕ್ಕೆ, ಗೆರೆ ಕಂಡರೆ ಫೋನ್‌ನಲ್ಲಿ ವಿಡಿಯೊ ಮಾಡಿಕೊಂಡು ಕೂಡಲೇ ಅಂಗಡಿಗೆ ಹೋಗಿ. ಹೊಸದರಲ್ಲಿ ಅಂಗಡಿಯವರೇ ಬದಲಿಸಿಕೊಡುವ ಸಾಧ್ಯತೆ ಇರುತ್ತದೆ. ತಡವಾದರೆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೊಟ್ಟು ವಾರಗಟ್ಟಲೆ ಕಾಯಬೇಕಾಗುತ್ತದೆ. ಬೇರೆ ಊರಿನಿಂದ ಕೊರಿಯರ್‌ನಲ್ಲಿ ಕಳಿಸುವವರಿಗೆ ಕಾರ್ಡ್, ಬೋರ್ಡ್ ಮತ್ತು ಎಸ್‌ಎಂಪಿಎಸ್‌ನ ಮೂಲ ಡಬ್ಬಿಗಳು ಬೇಕೇ ಬೇಕು. ವಾರಂಟಿ ಮುಗಿಯುವವರೆಗೆ ಅವು ಅಟ್ಟದ ಮೇಲಿರಲಿ.